ನಡುವೆ ಮರ ಇದ್ದರೆ ಸಿಗ್ನಲ್ ಎಷ್ಟು ಕಳೆಯಬೇಕು? ಲೆಕ್ಕ ಹಾಕುವ ಕ್ರಮ

ಊರಿನ ಮನೆಯ ಮಾಳಿಗೆಯಿಂದ ತೋಟದ ಮನೆಗೆ ವೈಫೈ ಒಯ್ಯಬೇಕು, ನಡುವೆ ಮಾವಿನ ತೋಪು ಇದೆ, ಆಗುತ್ತದಾ? ಬೋರಿನ ಹತ್ತಿರ ಲೋರಾ (ಕಡಿಮೆ ಪವರ್‌ನಲ್ಲಿ ಚಿಕ್ಕ ಮೆಸೇಜನ್ನು ದೂರಕ್ಕೆ ಕಳಿಸುವ ರೇಡಿಯೊ) ಸೆನ್ಸರ್ ಇಟ್ಟಿದ್ದೇವೆ, ಕಬ್ಬು ಆಳೆತ್ತರ ಬಂದ ಮೇಲೆ ಮೆಸೇಜ್ ಬರುತ್ತಿಲ್ಲ, ಯಾಕೆ? ಕಾಲೇಜ್ ಪ್ರಾಜೆಕ್ಟಿಗೆ ‘ಫೋಲಿಯೇಜ್ ಲಾಸ್’, ಅಂದರೆ ಎಲೆ-ಕೊಂಬೆಯಿಂದ ಆಗುವ ನಷ್ಟದ ಮಾಡೆಲ್ ಬೇಕು, ಯಾವುದನ್ನು ತಗೊಳ್ಳಲಿ? ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಸುತ್ತಿ ಬಳಸಿ ಎಲ್ಲರೂ ಬಂದು ನಿಲ್ಲುವುದು ಒಂದೇ ಕಡೆ: ಒಂದು ಮರಕ್ಕೆ ಎಷ್ಟು ಡಿಬಿ ಕಳೆಯಬೇಕು?

ಒಂದು ಮರಕ್ಕೆ ಇಷ್ಟು ಅಂತ ಯಾವ ಸಂಖ್ಯೆಯೂ ಇಲ್ಲ. ಮೀಟರಿಗೆ ಇಷ್ಟು ಅಂತ ಗುಣಿಸಿದರೂ ಲೆಕ್ಕ ಕೆಡುತ್ತದೆ. ಮೊದಲ ಕೆಲವು ಮೀಟರ್ ಎಲೆ-ಕೊಂಬೆ ಸಿಗ್ನಲನ್ನು ಜೋರಾಗಿ ತಿನ್ನುತ್ತವೆ, ಒಳಗೆ ಹೋದಂತೆ ತಿನ್ನುವುದು ಕಡಿಮೆಯಾಗುತ್ತದೆ. ಆದ್ದರಿಂದ ಸರಿಯಾದ ಸೂತ್ರ ಹಿಡಿದು ಮೊದಲು ಅಂದಾಜು ಮಾಡಿ, ಆಮೇಲೆ ನಿಮ್ಮ ಹೊಲದಲ್ಲೇ ಅಳೆದು ಆ ಸೂತ್ರವನ್ನು ತಿದ್ದಿಕೊಳ್ಳಬೇಕು. ಕೆಳಗೆ ಬರೆದಿರುವುದೆಲ್ಲ ಈ ಕೆಲಸದ ಕ್ರಮ.

ಮೊದಲು ಮೂರ್ನಾಲ್ಕು ಪದ

ಡೆಸಿಬೆಲ್ ಅಥವಾ ಡಿಬಿ ಅಂದರೆ ಎಷ್ಟು ಪಟ್ಟು ಎನ್ನುವುದರ ಅಳತೆ. 3 ಡಿಬಿ ಕಳೆದರೆ ಪವರ್ ಅರ್ಧ. 10 ಕಳೆದರೆ ಹತ್ತರಲ್ಲಿ ಒಂದು ಪಾಲು, 20 ಕಳೆದರೆ ನೂರರಲ್ಲಿ ಒಂದು ಪಾಲು ಉಳಿಯುತ್ತದೆ. ಡಿಬಿಎಂ ಅಂದರೆ 1 ಮಿಲಿವ್ಯಾಟಿಗೆ ಹೋಲಿಸಿ ಹೇಳುವ ಪವರ್. −60 ಡಿಬಿಎಂ ಚಲೋ ಸಿಗ್ನಲ್, −85 ಕಷ್ಟದ್ದು. ಆರ್‌ಎಸ್‌ಎಸ್‌ಐ ಅಂದರೆ ರೇಡಿಯೊ ತನಗೆ ಎಷ್ಟು ಸಿಗ್ನಲ್ ಮುಟ್ಟಿತು ಅಂತ ತೋರಿಸುವ ಸಂಖ್ಯೆ. ‘ಆಳ’ ಅಂತ ಮುಂದೆ ಬರೆದಲ್ಲೆಲ್ಲ, ಎರಡು ಆಂಟೆನಾಗಳ ನಡುವಿನ ನೇರ ಗೆರೆ ಎಲೆಗಳ ಒಳಗೆ ಎಷ್ಟು ಮೀಟರ್ ಹಾಯುತ್ತದೆ ಎಂದು ಓದಿಕೊಳ್ಳಿ. ಮರದ ಎತ್ತರಕ್ಕೂ ಇದಕ್ಕೂ ಸಂಬಂಧ ಇಲ್ಲ.

ಸಾಮಾನು ಜಾಸ್ತಿ ಬೇಡ. ಗೂಗಲ್ ಅರ್ಥ್ ಇರುವ ಕಂಪ್ಯೂಟರ್ ಅಥವಾ ಮೊಬೈಲ್, ಒಂದು ಉದ್ದನೆಯ ಟೇಪು, ಎಕ್ಸೆಲ್ ಅಥವಾ ಸೈಂಟಿಫಿಕ್ ಕ್ಯಾಲ್ಕುಲೇಟರ್, ಮತ್ತೆ ನೀವು ಹಾಕಬೇಕೆಂದಿರುವ ರೇಡಿಯೊದ್ದೇ ಒಂದು ಜೋಡಿ. ಜೋಡಿ ಕೊಳ್ಳುವ ಮೊದಲು ಯಾರದಾದರೂ ಎರವಲು ಸಿಕ್ಕರೆ ಇನ್ನೂ ಒಳ್ಳೆಯದು.

ಹಂತ 1: ಅಲೆಯ ಉದ್ದ ನೋಡಿ, ಎಲೆಯ ಅಳತೆ ನೋಡಿ

ಲೋರಾ ನಮ್ಮ ದೇಶದಲ್ಲಿ 865 ಮೆಗಾಹರ್ಟ್ಸ್‌ನಿಂದ ಶುರುವಾಗುವ ಪಟ್ಟಿಯಲ್ಲಿ ಓಡುತ್ತದೆ. ಅಲ್ಲಿ ಒಂದು ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. 2.4 ಗಿಗಾಹರ್ಟ್ಸ್ ವೈಫೈಯಲ್ಲಿ 12.5 ಸೆಂಟಿಮೀಟರ್. ಡಿಶ್ ಇಟ್ಟು ದೂರಕ್ಕೆ ಒಯ್ಯುವ 5.8 ಗಿಗಾಹರ್ಟ್ಸ್‌ನಲ್ಲಿ 5 ಸೆಂಟಿಮೀಟರ್‌ಗಿಂತ ತುಸು ಜಾಸ್ತಿ.

ಅಲೆಗಿಂತ ತೀರಾ ಸಣ್ಣದಾದ ವಸ್ತುವನ್ನು ಅಲೆ ಹೆಚ್ಚು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಅಳತೆ ಸಮಸಮ ಬಂದಾಗ ಚದುರುವುದು ಜಾಸ್ತಿ. ಲೋರಾದ 866 ಮೆಗಾಹರ್ಟ್ಸ್‌ಗೆ (ಅಂದರೆ 0.866 ಗಿಗಾಹರ್ಟ್ಸ್) ಹುಣಸೆಯ ಸಣ್ಣ ಎಲೆ ಒಂದೊಂದಾಗಿ ಕಾಣಿಸುವುದೇ ಇಲ್ಲ. ಅದಕ್ಕೆ ಅಡ್ಡ ಬರುವುದು ಬೊಡ್ಡೆ ಮತ್ತು ದಪ್ಪ ಕೊಂಬೆ. 5.8ಕ್ಕೆ ಬೇವಿನ ಎಲೆ, ಅದರ ತೊಟ್ಟು, ಸಣ್ಣ ರೆಂಬೆ ಎಲ್ಲವೂ ಅಡ್ಡಿ. ಒಂದೇ ಮರ ಒಂದು ರೇಡಿಯೊಗೆ ಸಲೀಸು, ಇನ್ನೊಂದಕ್ಕೆ ಗೋಡೆ ಆಗುವುದು ಹೀಗೆ.

ಎಲೆ ಮಾಡುವ ಕೆಲಸ ಎರಡು. ಒಂದು, ಒಳಗಿನ ನೀರು ಅಲೆಯ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಎರಡು, ಅಲೆಯನ್ನು ದಿಕ್ಕುದಿಕ್ಕಿಗೆ ಚದುರಿಸುತ್ತದೆ. ಚದುರಿದ ಸಿಗ್ನಲ್ ಸತ್ತುಹೋಗುವುದಿಲ್ಲ. ಚೋರ್ಲಾ ಘಾಟಿನ ಮಂಜಿನಲ್ಲಿ ಬೈಕಿನ ಹೆಡ್‌ಲೈಟ್ ಹಾಕಿದರೆ ಎದುರಿಗೆಲ್ಲ ಬೆಳ್ಳಗೆ ಬೆಳಕು ತುಂಬುತ್ತದೆ, ಆದರೆ ನೇರ ಕಿರಣ ರಸ್ತೆ ಮುಟ್ಟುವುದಿಲ್ಲ ಅಲ್ವಾ, ತೋಪಿನೊಳಗಿನ ಸಿಗ್ನಲ್ ಸ್ಥಿತಿಯೂ ಅದೇ. ಮೊದಲು ನೇರ ಕಿರಣ ಬೇಗಬೇಗ ಸೊರಗುತ್ತದೆ. ಅದು ಸೊರಗಿದ ಮೇಲೆ ಉಳಿಯುವುದು ಎಲ್ಲ ಕಡೆಯಿಂದ ಬರುವ ಚದುರಿದ ಪಾಲು, ಅದು ನಿಧಾನಕ್ಕೆ ಇಳಿಯುತ್ತದೆ. ಮೀಟರಿಗೆ ಇಷ್ಟು ಅಂತ ಗುಣಿಸಬಾರದು ಎಂದದ್ದಕ್ಕೆ ಕಾರಣ ಇದೇ.

ಇದರಿಂದ ಇನ್ನೊಂದು ಪೆಟ್ಟೂ ಇದೆ. ದೊಡ್ಡ ಡಿಶ್ ಒಂದೇ ದಿಕ್ಕಿಗೆ ಕಿವಿಗೊಡುತ್ತದೆ. ಚದುರಿದ ಪಾಲು ಅಕ್ಕಪಕ್ಕದಿಂದ ಬಂದರೆ ಅದಕ್ಕೆ ಸಿಗುವುದಿಲ್ಲ. ಮರದ ಹಿಂದೆ ಸುಮ್ನೆ ಡಿಶ್ ದೊಡ್ಡದು ಮಾಡುತ್ತ ಹೋದರೆ ಡಬ್ಬಿಯ ಮೇಲೆ ಬರೆದಷ್ಟು ಗೇನ್, ಅಂದರೆ ಒಂದೇ ದಿಕ್ಕಿಗೆ ಕೂಡಿಸಿ ಆಂಟೆನಾ ಹೆಚ್ಚಿಸುವ ಸಿಗ್ನಲ್, ಕೈಗೆ ಬರುವುದಿಲ್ಲ.

ಹಂತ 2: ದಾರಿಯ ಚಿತ್ರ ಬರೆಯಿರಿ

ಗೂಗಲ್ ಅರ್ಥ್‌ನಲ್ಲಿ ಎರಡು ತುದಿ ಗುರುತಿಸಿ ಗೆರೆ ಎಳೆಯಿರಿ. ಗೆರೆ ಎಲ್ಲೆಲ್ಲಿ ಹಸಿರಿನ ಮೇಲೆ ಹಾಯುತ್ತದೆ ನೋಡಿ. ಆಮೇಲೆ ಕಂಪ್ಯೂಟರ್ ಮುಚ್ಚಿ ಹೊಲಕ್ಕೆ ಹೋಗಿ. ಮೇಲಿನಿಂದ ನೋಡಿದರೆ ಬದುವಿನ ಬಳ್ಳಾರಿ ಜಾಲಿಯೂ ಹುಣಸೆ ಮರವೂ ಒಂದೇ ಥರ ಕಾಣುತ್ತವೆ. ಹತ್ತಿರ ಹೋದರೆ ಜಾಲಿ ಆಳೆತ್ತರ, ಹುಣಸೆ ಮೂರು ಮಾಳಿಗೆ ಎತ್ತರ. ಪ್ರತಿ ಗುಂಪಿಗೂ ಮೂರು ವಿಷಯ ಬರೆದುಕೊಳ್ಳಿ: ಯಾವ ತುದಿಯಿಂದ ಎಷ್ಟು ದೂರ, ಎಷ್ಟು ಎತ್ತರ, ಗೆರೆಯ ಉದ್ದಕ್ಕೂ ಎಷ್ಟು ಆಳ.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ.

ಒಂದು, ಕಣ್ಣಿಗೆ ಎದುರಿನ ತುದಿ ಕಂಡರೆ ಸಾಕು ಅಂದುಕೊಳ್ಳುವುದು. ರೇಡಿಯೊಗೆ ಗೆರೆಯ ಸುತ್ತ ದಿಂಡಿನಾಕಾರದ ಒಂದು ಜಾಗ ಬೇಕು. ಅದಕ್ಕೆ ಫ್ರೆನೆಲ್ ವಲಯ ಅಂತಾರೆ. ನಟ್ಟನಡುವೆ ಅದರ ಅರ್ಧ ಅಗಲ ಹೀಗೆ ಸಿಗುತ್ತದೆ:

8.66 × √(ದೂರ ಕಿಲೋಮೀಟರ್‌ನಲ್ಲಿ ÷ ಫ್ರೀಕ್ವೆನ್ಸಿ ಗಿಗಾಹರ್ಟ್ಸ್‌ನಲ್ಲಿ) = ಮೀಟರ್

1.2 ಕಿಲೋಮೀಟರ್ ದಾರಿಗೆ 5.8ರಲ್ಲಿ ಇದು ಸುಮಾರು 4 ಮೀಟರ್, 2.4ರಲ್ಲಿ 6, 866ರಲ್ಲಿ 10. ಇದರಲ್ಲಿ ಶೇಕಡಾ 60ರಷ್ಟಾದರೂ ಖಾಲಿ ಇರಬೇಕು. ಅಂದರೆ 5.8ರ ಲಿಂಕ್‌ನಲ್ಲಿ ಮರದ ತುದಿ ಗೆರೆಯಿಂದ ಎರಡೂವರೆ ಮೀಟರ್ ಕೆಳಗಿದ್ದರೆ ನಿಶ್ಚಿಂತೆ.

ಎರಡು, ರೇಡಿಯೊ ಮೊಬೈಲ್‌ನಂಥ ಸಾಫ್ಟ್‌ವೇರ್‌ಗೆ ಎಸ್‌ಆರ್‌ಟಿಎಂ ನಕ್ಷೆ ಹಾಕಿ, ಅದರ ಮೇಲೆ ಮರದ ಎತ್ತರ ಸೇರಿಸುವುದು. ಎಸ್‌ಆರ್‌ಟಿಎಂ ಅಂದರೆ 2000ದ ಫೆಬ್ರುವರಿಯಲ್ಲಿ ಅಮೆರಿಕದ ಶಟಲ್ ನೌಕೆ ರೇಡಾರ್‌ನಿಂದ ಅಳೆದ ಭೂಮಿಯ ಎತ್ತರ. ಆ ರೇಡಾರ್ ದಟ್ಟ ಮರಗಳ ಒಳಗೆ ಪೂರ್ತಿ ಇಳಿಯುವುದಿಲ್ಲ. ಹಾಗಾಗಿ ಖಾನಾಪುರದ ಕಾಡಿನಲ್ಲಿ ನಕ್ಷೆಯ ‘ನೆಲ’ದೊಳಗೆ ಮರದ ಎತ್ತರ ಸ್ವಲ್ಪ ಸೇರಿಯೇ ಇರುತ್ತದೆ. ಮೇಲೆ ಇನ್ನೊಮ್ಮೆ ಸೇರಿಸಿದರೆ ಒಂದೇ ಮರ ಎರಡು ಸಲ ಎಣಿಸಿದಂತೆ. ಬಾಗಲಕೋಟೆಯ ಬಯಲಿನಲ್ಲಿ ಇದರ ಉಲ್ಟಾ: ಅಂದಿನಿಂದ ಈಚೆಗೆ ಬೆಳೆದ ತೋಪು ಆ ನಕ್ಷೆಯಲ್ಲಿ ಇಲ್ಲವೇ ಇಲ್ಲ. ಗುಡ್ಡ-ದಿಬ್ಬಕ್ಕೆ ನಕ್ಷೆ ನಂಬಿ, ಮರಕ್ಕೆ ನಿಮ್ಮ ಕಣ್ಣು ನಂಬಿ.

ಹಂತ 3: ಮರ ಇಲ್ಲದಿದ್ದರೆ ಎಷ್ಟು ಕಳೆಯುತ್ತದೆ?

ಬಯಲಲ್ಲಿ ಆಗುವ ನಷ್ಟ ಹೀಗೆ:

32.45 + 20 × ಲಾಗ್(ದೂರ ಕಿಲೋಮೀಟರ್) + 20 × ಲಾಗ್(ಫ್ರೀಕ್ವೆನ್ಸಿ ಮೆಗಾಹರ್ಟ್ಸ್)

ಲಾಗ್ ಅಂದರೆ ಹತ್ತರ ಆಧಾರದ್ದು. 1.2 ಕಿಲೋಮೀಟರಿಗೆ 866ರಲ್ಲಿ 92.8 ಡಿಬಿ, 2,400ರಲ್ಲಿ 101.6, 5,800ರಲ್ಲಿ 109.3 ಬರಬೇಕು. ನಿಮ್ಮ ಎಕ್ಸೆಲ್ ಇದೇ ಸಂಖ್ಯೆ ಕೊಟ್ಟರೆ ಮುಂದೆ ಹೋಗಿ.

ಮಾಳಿಗೆ ಮೇಲೆ ಕಂಬ, ಆ ಕಡೆಯೂ ಕಂಬ ಇರುವ ಡಿಶ್ ಲಿಂಕಿಗೆ ಇಷ್ಟು ಸಾಕು. ಆದರೆ ಆಂಟೆನಾ ನೆಲದ ಹತ್ತಿರ ಇದ್ದರೆ ಸಾಲದು. ನೇರ ಬಂದ ಅಲೆ, ನೆಲಕ್ಕೆ ತಾಗಿ ಬಂದ ಅಲೆ ಎರಡೂ ಒಂದನ್ನೊಂದು ಕಡಿದುಕೊಳ್ಳುತ್ತವೆ. ಆಗ ಈ ಸೂತ್ರ ಹಿಡಿಯಿರಿ:

40 × ಲಾಗ್(ದೂರ ಮೀಟರ್) − 20 × ಲಾಗ್(ಒಂದು ಆಂಟೆನಾದ ಎತ್ತರ × ಇನ್ನೊಂದರ ಎತ್ತರ)

ಮಾಳಿಗೆಯ ಮೇಲೆ 6 ಮೀಟರ್, ಹೊಲದ ಸೆನ್ಸರ್ 1 ಮೀಟರ್, ದೂರ 1,200 ಮೀಟರ್ ಅಂದರೆ 107.6 ಡಿಬಿ. 866ರಲ್ಲಿ ಬಯಲಿನ ಲೆಕ್ಕ 92.8 ಇತ್ತು. ಒಂದೂ ಎಲೆ ಅಡ್ಡ ಬರುವ ಮೊದಲೇ 15 ಡಿಬಿ ಹೋಯಿತು! ಇದನ್ನು ಗಮನಿಸದೆ ಆ 15ನ್ನೂ ಬೆಳೆಯ ತಲೆಗೆ ಕಟ್ಟಿ, ಕಬ್ಬಿನ ಸಿಗ್ನಲ್ ನಷ್ಟ ಅಂತ ಪ್ರಾಜೆಕ್ಟ್ ವರದಿ ಬರೆಯುವವರು ಇದ್ದಾರೆ. ಎರಡು ಸೂತ್ರಗಳಲ್ಲಿ ಯಾವುದು ಜಾಸ್ತಿ ಬರುತ್ತದೋ ಅದನ್ನು ಇಟ್ಟುಕೊಳ್ಳಿ.

ಹಂತ 4: ಎಲೆಗಳ ನಷ್ಟಕ್ಕೆ ಸೂತ್ರ ಆರಿಸಿ

ಪುಸ್ತಕಗಳಲ್ಲಿ ಹತ್ತಾರು ಇವೆ. ನಮ್ಮ ಕೆಲಸಕ್ಕೆ ಎರಡು ಸಾಕು.

ಮೊದಲನೆಯದು ವೈಸ್‌ಬರ್ಗರ್ ಸೂತ್ರ, 1982ರದು. ಫ್ರೀಕ್ವೆನ್ಸಿ ಗಿಗಾಹರ್ಟ್ಸ್‌ನಲ್ಲಿ, ಆಳ ಮೀಟರ್‌ನಲ್ಲಿ:

ಆಳ 14 ಮೀಟರ್‌ವರೆಗೆ: 0.45 × ಫ್ರೀಕ್ವೆನ್ಸಿ^0.284 × ಆಳ
14ರಿಂದ 400 ಮೀಟರ್‌ವರೆಗೆ: 1.33 × ಫ್ರೀಕ್ವೆನ್ಸಿ^0.284 × ಆಳ^0.588

^ ಗುರುತು ಅಂದರೆ ಘಾತ. ಎಕ್ಸೆಲ್‌ನಲ್ಲೂ ಅದೇ ಗುರುತು ನಡೆಯುತ್ತದೆ.

ಎರಡನೆಯದು ಐಟಿಯು-ಆರ್ ಹಳೆಯ ಸೂತ್ರ. ಐಟಿಯು ಅಂದರೆ ದೂರಸಂಪರ್ಕದ ಅಂತರರಾಷ್ಟ್ರೀಯ ಒಕ್ಕೂಟ. ಇಲ್ಲಿ ಫ್ರೀಕ್ವೆನ್ಸಿ ಮೆಗಾಹರ್ಟ್ಸ್‌ನಲ್ಲಿ, ಆಳ 400 ಮೀಟರ್ ಒಳಗೆ:

0.2 × ಫ್ರೀಕ್ವೆನ್ಸಿ^0.3 × ಆಳ^0.6

ಒಂದರಲ್ಲಿ ಗಿಗಾ, ಇನ್ನೊಂದರಲ್ಲಿ ಮೆಗಾ. ಅದಲುಬದಲು ಮಾಡಿದರೆ ಉತ್ತರ ಏಳೆಂಟು ಪಟ್ಟು ಹೆಚ್ಚು-ಕಡಿಮೆ ಆಗುತ್ತದೆ. ಸಂಖ್ಯೆ ವಿಚಿತ್ರ ಅನ್ನಿಸಿದರೆ ಮೊದಲು ಇದನ್ನೇ ನೋಡಿ.

ಈಗ ಮುಧೋಳದ ಕಡೆಯ ಒಂದು ತೋಟ ಊಹಿಸಿ. ದಾರಿ 1.2 ಕಿಲೋಮೀಟರ್, ತೋಟದ ಮನೆಯ ಹತ್ತಿರ ಮಾವಿನ ತೋಪು, ಗೆರೆ 40 ಮೀಟರ್ ಎಲೆಗಳ ಒಳಗೆ ಹಾಯುತ್ತದೆ.

866ರಲ್ಲಿ: ವೈಸ್‌ಬರ್ಗರ್ 11 ಡಿಬಿ, ಐಟಿಯು-ಆರ್ 14
2.4ರಲ್ಲಿ: 15 ಮತ್ತು 19
5.8ರಲ್ಲಿ: 19 ಮತ್ತು 25

ಎರಡು ಸೂತ್ರಗಳ ನಡುವೆಯೇ 5.8ರಲ್ಲಿ 5–6 ಡಿಬಿ ವ್ಯತ್ಯಾಸ ಇದೆ ನೋಡಿ. ಈ ಅಂತರವೇ ನಿಮ್ಮ ಅನುಮಾನದ ಅಗಲ. ಹೊಸದಾಗಿ ಹಾಕುವವರು ದೊಡ್ಡ ಸಂಖ್ಯೆ ಹಿಡಿಯಿರಿ. ವೈಸ್‌ಬರ್ಗರ್ ಸೂತ್ರ ಹುಟ್ಟಿದ್ದು ಸಮಶೀತೋಷ್ಣ ದೇಶಗಳ ಕಾಡಿನಲ್ಲಿ, ಎಲೆ ತುಂಬಿದ, ಒಣಗಿದ ಅಂದರೆ ಮಳೆ ಹನಿ ಇಲ್ಲದ ಮರಗಳ ಮೇಲೆ. ನಮ್ಮ ದಟ್ಟ ಮಾವಿಗೆ ಅದು ಕಡಿಮೆಯೇ ಹೇಳೀತು.

ಗುಣಿಸಿದರೆ ಏನಾಗುತ್ತದೆ ಅಂತಲೂ ನೋಡಿಬಿಡಿ. 14 ಮೀಟರ್‌ವರೆಗಿನ ಸೂತ್ರವನ್ನೇ 100 ಮೀಟರಿಗೂ ಎಳೆದರೆ 5.8ರಲ್ಲಿ 74 ಡಿಬಿ ಬರುತ್ತದೆ. ಸರಿಯಾದ ಸೂತ್ರದಲ್ಲಿ 33. ಮೊದಲನೆಯದನ್ನು ನಂಬಿದರೆ ಆಗುವ ಕೆಲಸವನ್ನೂ ಬಿಟ್ಟುಬಿಡುತ್ತೀರಿ.

ವಿದ್ಯಾರ್ಥಿಗಳು ಹೆಚ್ಚಾಗಿ ಬೀಳುವ ಗುಂಡಿ ಬೇರೆ. ಕಾಸ್ಟ್ 235 ಅಂತ ಒಂದು ಸೂತ್ರ ಇದೆ. ಎಲೆ ಇದ್ದಾಗ ಒಂದು, ಎಲೆ ಉದುರಿದಾಗ ಒಂದು ಅಂತ ಎರಡು ಸಾಲು. ನೋಡಲು ಚೆಂದ, ಅದಕ್ಕೇ ಎಲ್ಲರೂ ಎತ್ತಿಕೊಳ್ಳುತ್ತಾರೆ. ಅದರ ಹಿಂದಿನ ಅಳತೆಗಳು 9.6ರಿಂದ 57.6 ಗಿಗಾಹರ್ಟ್ಸ್‌ನವು. ಅದಕ್ಕೆ 866 ಮೆಗಾಹರ್ಟ್ಸ್, 40 ಮೀಟರ್ ಹಾಕಿ ನೋಡಿ: ಎಲೆ ಇದ್ದರೆ 38 ಡಿಬಿ, ಎಲೆ ಇಲ್ಲದಿದ್ದರೆ 43! ಬೋಳು ಮರ ತುಂಬಿದ ಮರಕ್ಕಿಂತ ಜಾಸ್ತಿ ತಡೆಯುತ್ತದೆ ಅಂತ ಉತ್ತರ. ಸೂತ್ರದ ತಪ್ಪಲ್ಲ ಅದು, ಅದರ ವ್ಯಾಪ್ತಿ ದಾಟಿ ಎಳೆದವರ ತಪ್ಪು. ಯಾವ ಸೂತ್ರವೇ ಆಗಲಿ, ಯಾವ ಫ್ರೀಕ್ವೆನ್ಸಿಯಿಂದ ಯಾವ ಫ್ರೀಕ್ವೆನ್ಸಿವರೆಗೆ, ಎಷ್ಟು ಆಳದವರೆಗೆ ಅಂತ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ.

ಇನ್ನೂ ಆಳಕ್ಕೆ ಇಳಿಯುವವರಿಗೆ ಐಟಿಯು-ಆರ್ ಪಿ.833 ಎಂಬ ಶಿಫಾರಸು ಇದೆ. ಆಂಟೆನಾ ಮರಗಳ ಒಳಗೇ ಇದ್ದಾಗ ಅದರ ಸೂತ್ರ ಒಂದು ಮಿತಿ ಇಡುತ್ತದೆ: ಆಳ ಎಷ್ಟೇ ಹೆಚ್ಚಿದರೂ ನಷ್ಟ ಆ ಮಿತಿ ದಾಟುವುದಿಲ್ಲ. ಕಾರಣ, ಒಳಗಿನ ದಾರಿ ಮುಚ್ಚಿದಂತೆ ಸಿಗ್ನಲ್ ಬೇರೆ ದಾರಿ ಹಿಡಿಯುತ್ತದೆ. ಮರದ ನೆತ್ತಿಗೆ ಹತ್ತಿ, ನೆತ್ತಿಯ ಗುಂಟ ಹರಿದು, ಆ ತುದಿಯಲ್ಲಿ ಕೆಳಗೆ ಇಳಿಯುತ್ತದೆ. ಕಡಿಮೆ ಫ್ರೀಕ್ವೆನ್ಸಿಯ ಅಲೆಗಳು ಕಾಡಿನಲ್ಲಿ ಹೀಗೆ ಸಾಗುತ್ತವೆ ಅಂತ 1967ರಲ್ಲೇ ತಮೀರ್ ಎಂಬ ವಿಜ್ಞಾನಿ ಲೆಕ್ಕ ಕಟ್ಟಿ ತೋರಿಸಿದ್ದರು. ಅದೇ ಪಿ.833ರಲ್ಲಿ ಚದುರುವಿಕೆಯನ್ನೇ ಲೆಕ್ಕ ಹಾಕುವ ‘ರೇಡಿಯೇಟಿವ್ ಎನರ್ಜಿ ಟ್ರಾನ್ಸ್‌ಫರ್’ ಮಾಡೆಲ್ ಕೂಡ ಇದೆ. ಅದಕ್ಕೆ ನಾಲ್ಕು ಸಂಖ್ಯೆ ಬೇಕು: ಮುಂದಕ್ಕೆ ಚದುರುವ ಪಾಲು, ಆ ಚದುರಿಕೆಯ ಅಗಲ, ಒಟ್ಟು ಸೊರಗುವ ಪ್ರಮಾಣ, ಹೀರದೆ ಚದುರಿಸುವ ಪಾಲು. ಕೊಟ್ಟಿರುವ ಕೋಷ್ಟಕದಲ್ಲಿ ಸಿಲ್ವರ್ ಮೇಪಲ್, ಲಂಡನ್ ಪ್ಲೇನ್, ಹಾರ್ಸ್ ಚೆಸ್ಟ್‌ನಟ್ ಥರದ ಮರಗಳು ಸಿಗುತ್ತವೆ. ಮೇಪಲ್‌ನ ಸಂಖ್ಯೆ ತಂದು ಬೇವಿಗೆ ಹಾಕಿ ಮೂರು ದಶಾಂಶ ಸ್ಥಾನದವರೆಗೆ ಉತ್ತರ ಬರೆಯುವುದಕ್ಕಿಂತ, ಸರಳ ಸೂತ್ರ ಹಿಡಿದು ನಿಮ್ಮ ಬೇವನ್ನೇ ಅಳೆಯುವುದು ಮೇಲು ಅಂತ ನನ್ನ ಅಭಿಪ್ರಾಯ.

ಹಂತ 5: ಮರದ ಮೇಲಿನಿಂದ ಹಾರುವ ಪಾಲು

ಸಿಗ್ನಲ್ ಮರದೊಳಗೆ ತೂರಿಯೇ ಬರಬೇಕೆಂದಿಲ್ಲ, ನೆತ್ತಿಯ ಮೇಲಿಂದ ಬಾಗಿಯೂ ಬರುತ್ತದೆ. ಅದನ್ನೂ ಲೆಕ್ಕ ಹಾಕಿ. ಗೆರೆ ಮರದ ನೆತ್ತಿಗೆ ಸರಿಯಾಗಿ ತಾಗಿ ಹೋದರೆ ನಷ್ಟ 6 ಡಿಬಿ. ನೆತ್ತಿ ಗೆರೆಗಿಂತ ಮೇಲೆ ಹೋದಂತೆ ನಷ್ಟ ಏರುತ್ತದೆ. ಮೇಲಿನ ತೋಟದಲ್ಲೇ, ತೋಪು ತೋಟದ ಮನೆಯಿಂದ 100 ಮೀಟರ್ ದೂರ, ನೆತ್ತಿ ಗೆರೆಗಿಂತ 5 ಮೀಟರ್ ಮೇಲೆ ಅಂತ ಇಟ್ಟುಕೊಂಡರೆ ‘ನೈಫ್ ಎಡ್ಜ್’ ಲೆಕ್ಕದಲ್ಲಿ, ಅಂದರೆ ತೋಪನ್ನು ತೆಳು ಅಂಚಿನ ಗೋಡೆ ಅಂತ ಭಾವಿಸಿದರೆ, 866ರಲ್ಲಿ 15–16 ಡಿಬಿ, 5.8ರಲ್ಲಿ 23. ತೋಪಿಗೆ ದಪ್ಪ ಇರುವುದರಿಂದ ನಿಜದಲ್ಲಿ ಇದಕ್ಕಿಂತ ತುಸು ಹೆಚ್ಚು.

ಒಳಗಿನ ದಾರಿ, ಮೇಲಿನ ದಾರಿ ಎರಡರಲ್ಲಿ ನಷ್ಟ ಯಾವುದರಲ್ಲಿ ಕಡಿಮೆಯೋ ಅದೇ ನಿಮ್ಮ ಉತ್ತರ. ಎರಡೂ ಕೂಡಿಸಬೇಡಿ.

ಕಬ್ಬಿಗೆ ಈ ಹಂತವೇ ಮುಖ್ಯ. ಮಾಳಿಗೆ 6 ಮೀಟರ್, ಸೆನ್ಸರ್ 1 ಮೀಟರ್, ನಡುವೆ ಪೂರ್ತಿ ಕಬ್ಬು, ಕಬ್ಬಿನ ಎತ್ತರ 3 ಮೀಟರ್ ಅನ್ನಿ. ಗೆರೆ ನಿಧಾನಕ್ಕೆ ಇಳಿಯುತ್ತ ಬರುವುದರಿಂದ ಕೊನೆಯ 480 ಮೀಟರ್ ಕಬ್ಬಿನೊಳಗೇ ಹಾಯುತ್ತದೆ. ಸೂತ್ರದ 400 ಮೀಟರ್ ಮಿತಿಯೇ ದಾಟಿತು. ಮಾಳಿಗೆಯ ಕಂಬ 12 ಮೀಟರಿಗೆ ಏರಿಸಿದರೂ 218 ಮೀಟರ್ ಕಬ್ಬು ಉಳಿಯುತ್ತದೆ. ಅದರ ಬದಲು ಸೆನ್ಸರ್‌ನ ಆಂಟೆನಾವನ್ನು ಒಂದು ಬಿದಿರಿನ ಗಳಕ್ಕೆ ಕಟ್ಟಿ ಮೂರೂವರೆ ಮೀಟರಿಗೆ ಎತ್ತಿ. ಗೆರೆ ಕಬ್ಬನ್ನು ಮುಟ್ಟುವುದೇ ಇಲ್ಲ, ನೆಲದ ನಷ್ಟದಲ್ಲೂ 11 ಡಿಬಿ ಉಳಿಯುತ್ತದೆ. ಊರಿನ ಕಡೆ ಟವರ್ ಕಟ್ಟುವ ಖರ್ಚೆಲ್ಲಿ, ಹೊಲದ ಕಡೆ ಒಂದು ಗಳ ಎಲ್ಲಿ!

ಹಂತ 6: ಮಳೆ, ಗಾಳಿ, ಕಟಾವು

ಅಳೆದದ್ದು ಮಾರ್ಚ್‌ನಲ್ಲಿ, ಲಿಂಕ್ ನಡೆಯಬೇಕಾದದ್ದು ಜುಲೈಯಲ್ಲಿ. ದೂರು ಬರುವುದೇ ಇಲ್ಲಿ.

ಜಾಂಬೋಟಿ, ಖಾನಾಪುರದ ಸಾಗುವಾನಿ ಬೇಸಿಗೆಯಲ್ಲಿ ಬೋಳಾಗಿರುತ್ತದೆ. ಮಳೆ ಹಿಡಿದ ಮೇಲೆ ಮೊರದಗಲ ಎಲೆ, ಅದರ ಮೇಲೆ ನೀರು. ವಿಜಯಪುರದ ದ್ರಾಕ್ಷಿ ಪಡದಲ್ಲಿ ಏಪ್ರಿಲ್ ಮತ್ತು ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಆದಾಗ ಬಳ್ಳಿ ಖಾಲಿ, ಒಂದೆರಡು ತಿಂಗಳಲ್ಲಿ ಚಪ್ಪರ ಮುಚ್ಚಿರುತ್ತದೆ. ಪಡದಲ್ಲಿ ಇನ್ನೊಂದು ವಿಶೇಷ: ಸಾಲಿನ ಗುಂಟ ಹೋದರೆ ಸಿಗ್ನಲ್‌ಗೆ ಓಣಿ ಸಿಕ್ಕಂತೆ, ಸಾಲು ಅಡ್ಡ ಹಾಯ್ದರೆ ಪ್ರತಿ ಸಾಲಿನ ಎಲೆ, ತಂತಿ, ಕಂಬ ಎಲ್ಲ ಎದುರಾಗುತ್ತವೆ. ಎರಡು ದಿಕ್ಕಿಗೂ ಒಂದೇ ಸಂಖ್ಯೆ ಹಾಕಬೇಡಿ. ಕಬ್ಬಿನಲ್ಲಿ ಹಸಿರು ಸೋಗೆ ತಿನ್ನುವಷ್ಟು ಒಣ ರವದಿ ತಿನ್ನುವುದಿಲ್ಲ, ನೀರಿನದೇ ವ್ಯತ್ಯಾಸ.

ಗಾಳಿ ಬೀಸಿದರೆ ಸರಾಸರಿ ನಷ್ಟ ಬಹಳ ಬದಲಾಗುವುದಿಲ್ಲ, ಆದರೆ ಆರ್‌ಎಸ್‌ಎಸ್‌ಐ ಕುಣಿಯಲು ಶುರುಮಾಡುತ್ತದೆ. ರೆಂಬೆ ಅಲುಗಿದಂತೆ ಚದುರಿದ ಪಾಲುಗಳು ಒಮ್ಮೆ ಕೂಡುತ್ತವೆ, ಒಮ್ಮೆ ಕಡಿದುಕೊಳ್ಳುತ್ತವೆ. ಪರದೆಯ ಮೇಲೆ −70 ಇದ್ದದ್ದು ಕ್ಷಣದಲ್ಲಿ −80, ಮತ್ತೆ −68.

ಆದ್ದರಿಂದ ಲೆಕ್ಕದ ಮೇಲೆ ಕನಿಷ್ಠ 10 ಡಿಬಿ ಮಾರ್ಜಿನ್, ಅಂದರೆ ಕೈಕಾವಲಿಗೆ ಇಟ್ಟುಕೊಳ್ಳುವ ಪಾಲು, ಬಿಡಿ. 5.8ರಲ್ಲಿ ದಟ್ಟ ಮರ ಇದ್ದರೆ 15. ಎಲ್ಲೋ ಬರೆದಿಟ್ಟ ನಿಯಮ ಅಲ್ಲ, ಕೆಲಸ ಮಾಡುವವರು ಇಟ್ಟುಕೊಳ್ಳುವ ವಾಡಿಕೆ.

ಹಂತ 7: ಎಲ್ಲ ಕೂಡಿಸಿ

5.8ರ ಡಿಶ್ ಜೋಡಿ: ಪವರ್ 13 ಡಿಬಿಎಂ, ಎರಡೂ ಕಡೆ 23ರ ಗೇನ್. 13 + 23 + 23 − 109 = −50. ತೋಪಿಗೆ ದೊಡ್ಡ ಸಂಖ್ಯೆ 25 ಹಿಡಿದರೂ ಮೇಲಿನ ದಾರಿ 23 ಇದೆ, ಆದರೂ ತೋಪಿನ ದಪ್ಪ ನೆನೆದು 25 ಕಳೆಯಿರಿ, −75. ದಟ್ಟ ಮರದ ಮಾರ್ಜಿನ್ 15 ಕಳೆದರೆ −90. ಲಿಂಕ್ ಕಟ್ಟಿಕೊಳ್ಳಬಹುದು, ವೇಗ ಮಾತ್ರ ತೀರಾ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತದೆ. ಮಳೆಗಾಲದಲ್ಲಿ ವಿಡಿಯೋ ಕಾಲ್ ಕನಸು ಬೇಡ.

ಲೋರಾ: ಪವರ್ 14, ಗೇನ್ 2 ಮತ್ತು 2, ನೆಲ ಸೇರಿ ನಷ್ಟ 107.6. ಅಲ್ಲಿಗೆ −90. ಕಬ್ಬು 100 ಮೀಟರ್ ಮಾತ್ರ ಅಡ್ಡ ಇದ್ದರೆ ಐಟಿಯು-ಆರ್ ಲೆಕ್ಕದಲ್ಲಿ 24, ಅಂದರೆ −114. ಮಾರ್ಜಿನ್ ಕಳೆದರೆ −124. ಸಾಮಾನ್ಯ ಲೋರಾ ಚಿಪ್ ಸ್ಪ್ರೆಡಿಂಗ್ ಫ್ಯಾಕ್ಟರ್ 7ರಲ್ಲಿ ಸುಮಾರು −123ರವರೆಗೆ ಕೇಳಿಸಿಕೊಳ್ಳುತ್ತದೆ. ಸ್ಪ್ರೆಡಿಂಗ್ ಫ್ಯಾಕ್ಟರ್ ಅಂದರೆ ಒಂದೊಂದು ತುಣುಕು ಮಾಹಿತಿಯನ್ನು ಎಷ್ಟು ನಿಧಾನ ಹೇಳಬೇಕು ಎನ್ನುವ ಸೆಟ್ಟಿಂಗ್. ಕಬ್ಬು ಬೆಳೆದ ಮೇಲೆ ಮೆಸೇಜ್ ನಿಂತದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ, ಸರಿಯಾಗಿ ಅಂಚಿನಲ್ಲಿ ನಿಂತಿತ್ತು. 12ಕ್ಕೆ ಏರಿಸಿದರೆ −137ರವರೆಗೆ ಕೇಳುತ್ತದೆ, ಆದರೆ ಒಂದೊಂದು ಮೆಸೇಜಿಗೂ ಹೆಚ್ಚು ಹೊತ್ತು, ಹೆಚ್ಚು ಬ್ಯಾಟರಿ.

ಹಂತ 8: ಅಳೆಯಿರಿ, ಸೂತ್ರ ತಿದ್ದಿ

ಅದೇ ಜೋಡಿ ರೇಡಿಯೊ, ಅದೇ ಎತ್ತರ, ಅದೇ ದೂರ. ಒಮ್ಮೆ ಖಾಲಿ ಹೊಲದ ಮೇಲೆ, ಒಮ್ಮೆ ಮರಗಳ ಮೂಲಕ. ಎರಡರ ವ್ಯತ್ಯಾಸವೇ ಎಲೆಗಳ ನಷ್ಟ. ಸೂತ್ರದ 32.45 ನಂಬಿ ಕಳೆಯುವುದಕ್ಕಿಂತ ಇದು ವಾಸಿ. ಕೇಬಲ್, ಕನೆಕ್ಟರ್, ಆಂಟೆನಾದ ಸುಳ್ಳು ಗೇನ್ ಎಲ್ಲ ಎರಡೂ ಕಡೆ ಇರುವುದರಿಂದ ಹೊಡೆದುಹೋಗುತ್ತವೆ.

ಪ್ರತಿ ಜಾಗದಲ್ಲೂ ಕೆಲವು ನಿಮಿಷ ನಿಂತು ಸಂಖ್ಯೆಗಳನ್ನು ಬರೆದುಕೊಳ್ಳಿ. ಏರಿಕೆ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ಹಿಡಿಯಿರಿ. ಆಂಟೆನಾವನ್ನು ಒಂದೆರಡು ಗೇಣು ಆಚೀಚೆ ಸರಿಸಿ ಮತ್ತೆ ಬರೆಯಿರಿ. ಒಂದೇ ಬಿಂದುವಿನ ಅಳತೆ ಮೋಸ ಮಾಡುತ್ತದೆ. ನಿಮ್ಮ ಮೈ ಕೂಡ ನೀರಿನ ಮೂಟೆಯೇ, ಆಂಟೆನಾದ ಎದುರು ನಿಲ್ಲಬೇಡಿ.

ಲೋರಾದಲ್ಲಿ ಒಂದು ಸೂಕ್ಷ್ಮ ಇದೆ. ಸಿಗ್ನಲ್ ಗದ್ದಲಕ್ಕಿಂತ ಕೆಳಗೆ ಇಳಿದಾಗಲೂ ಲೋರಾ ಓದುತ್ತದೆ. ಆಗ ಆರ್‌ಎಸ್‌ಎಸ್‌ಐ ತೋರಿಸುವುದು ಹೆಚ್ಚಾಗಿ ಗದ್ದಲವನ್ನೇ. ಎಸ್‌ಎನ್‌ಆರ್, ಅಂದರೆ ಗದ್ದಲಕ್ಕೆ ಹೋಲಿಸಿದ ಸಿಗ್ನಲ್, ಮೈನಸ್ ಬಂದಿದ್ದರೆ ಅದನ್ನು ಆರ್‌ಎಸ್‌ಎಸ್‌ಐಗೆ ಕೂಡಿಸಿ. −118 ಮತ್ತು −9 ಇದ್ದರೆ ನಿಜವಾದ ಸಿಗ್ನಲ್ −127 ಡಿಬಿಎಂ. ಇದನ್ನು ಮಾಡದವರ ಗ್ರಾಫ್ ಒಂದು ಆಳ ದಾಟಿದ ಮೇಲೆ ಚಪ್ಪಟೆ ಮಲಗುತ್ತದೆ, ಅವರು ಅದನ್ನೇ ಹೊಸ ಮಾಡೆಲ್ ಅಂತ ಬರೆಯುತ್ತಾರೆ.

ಈಗ ತಿದ್ದುವುದು. ಸಾಧ್ಯವಾದರೆ 10, 20, 40, 80 ಮೀಟರ್ ಆಳದಲ್ಲಿ ಅಳೆಯಿರಿ. ಪ್ರತಿಯೊಂದರಲ್ಲೂ ಅಳೆದದ್ದನ್ನು ಸೂತ್ರ ಹೇಳಿದ್ದರಿಂದ ಭಾಗಿಸಿ. 40 ಮೀಟರಲ್ಲಿ ಅಳೆದದ್ದು 24, ವೈಸ್‌ಬರ್ಗರ್ 19.2 ಅಂದರೆ 1.25. ನಾಲ್ಕೂ ಸುಮಾರು ಒಂದೇ ಬಂದರೆ ಅವುಗಳ ಸರಾಸರಿಯಿಂದ ಸೂತ್ರವನ್ನು ಗುಣಿಸಿಕೊಳ್ಳಿ, ಕೆಲಸ ಮುಗಿಯಿತು. ಆಳ ಹೆಚ್ಚಿದಂತೆ ಸಂಖ್ಯೆ ಇಳಿಯುತ್ತ ಹೋದರೆ ಸಿಗ್ನಲ್ ನೆತ್ತಿಯ ಮೇಲಿಂದ ಬರುತ್ತಿದೆ ಅಂತ ಅರ್ಥ, ಹಂತ 5ಕ್ಕೆ ಹಿಂತಿರುಗಿ. ನಾಲ್ಕೇ ಅಳತೆ ಇಟ್ಟುಕೊಂಡು ಸೂತ್ರದ ಮೂರೂ ಸಂಖ್ಯೆಗಳನ್ನು ಬದಲಿಸಲು ಹೋಗಬೇಡಿ. ಗ್ರಾಫಿಗೆ ಚೆನ್ನಾಗಿ ಕೂತಂತೆ ಕಾಣುತ್ತದೆ, ಪಕ್ಕದ ಹೊಲಕ್ಕೆ ಒಯ್ದರೆ ಮುರಿಯುತ್ತದೆ.

ಲೆಕ್ಕ ಕೂಡದಿದ್ದರೆ

ಮೊದಲು ಆಂಟೆನಾ ಎತ್ತರಿಸಿ ನೋಡಿ, ಮರದ ಹತ್ತಿರ ಇರುವ ತುದಿಯದ್ದನ್ನು. ಆಮೇಲೆ ಪಕ್ಕಕ್ಕೆ ಸರಿಸಿ. ಎರಡು ಮರಗಳ ನಡುವಿನ ಸಂದು ಹಿಡಿದರೆ ಬಹಳ ಸಲ ಅಷ್ಟೇ ಸಾಕು. ತೋಪಿನ ಬೆನ್ನಿಗೇ ಅಂಟಿಸಿದ ಆಂಟೆನಾವನ್ನು ಮರಗಳಿಂದ ದೂರ ಒಯ್ದಷ್ಟೂ ಮೇಲಿನ ದಾರಿ ಸಲೀಸಾಗುತ್ತದೆ. 866ರಲ್ಲಿ ನೆಟ್ಟಗಿನ ಬೊಡ್ಡೆಗಳೇ ಅಡ್ಡಿಯಾಗಿದ್ದರೆ ಎರಡೂ ಆಂಟೆನಾಗಳನ್ನು ಅಡ್ಡ ಮಲಗಿಸಿ ಪರೀಕ್ಷಿಸಿ. ಒಂದನ್ನೇ ಮಲಗಿಸಿದರೆ ಇರುವುದೂ ಹೋಗುತ್ತದೆ. ಇದ್ಯಾವುದೂ ಆಗದಿದ್ದರೆ ತೋಪಿನ ಈಚೆ ಬದುವಿನ ಮೇಲೆ ಸೋಲಾರ್ ಹಾಕಿದ ಒಂದು ರಿಲೇ, ಅಂದರೆ ಕೇಳಿ ಮುಂದಕ್ಕೆ ಹೇಳುವ ರೇಡಿಯೊ.

ಮರ ಕಡಿಯುವ ಮಾತು ಕೊನೆಗೂ ಬೇಡ. ರಾಜ್ಯದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಸ್ವಂತ ಹೊಲದ ಮರವಾದರೂ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಬೇಕು. ಕಂಬ ಎತ್ತರಿಸಿದವರು ಮಾತ್ರ ಅರ್ಥಿಂಗ್ ಮತ್ತು ಸಿಡಿಲಿನ ಅರೆಸ್ಟರ್ ಹಾಕದೆ ಮೊದಲ ಮಳೆಗೆ ಕಾಯಬೇಡಿ. ಬಯಲುಸೀಮೆಯ ಹೊಲದಲ್ಲಿ ಎಲ್ಲಕ್ಕಿಂತ ಎತ್ತರ ಈಗ ಅದೇ ಕಂಬ.